ವರ್ಷ ಅಳಿಸಿಹೋದ ಬಿರಡೆ: ಹಳೆಯ ವಿಂಟೇಜ್ ಪೋರ್ಟ್ ಒಂದರ ವಯಸ್ಸನ್ನು ರುಚಿಯಿಂದ ಹೇಳಬಹುದೇ?

ಸೆವರ್ನ್‌ದಡ

ವಿಂಟೇಜ್ ಪೋರ್ಟ್ (ಒಂದೇ ವರ್ಷದ ಫಸಲಿನಿಂದ ಮಾಡಿ ಬಾಟಲಿಯಲ್ಲಿ ಹಣ್ಣಾಗಲು ಬಿಡುವ ಪೋರ್ಚುಗಲ್‌ನ ಸಿಹಿ, ಗಡುಸು ವೈನ್) ಬಲ್ಲವರಲ್ಲಿ ನನ್ನದೊಂದು ಪ್ರಶ್ನೆ. ಒಂದು ಬಾಟಲಿಯ ವರ್ಷ 1935, 1945, 1955 ಈ ಮೂರರಲ್ಲಿ ಒಂದು ಎಂಬುದಷ್ಟೇ ಖಚಿತವಾಗಿದ್ದು, ಉಳಿದ ಗುರುತುಗಳೆಲ್ಲ ಅಳಿಸಿಹೋಗಿದ್ದರೆ, ಬಣ್ಣ, ಕಂಪು ಮತ್ತು ರುಚಿಯನ್ನು ನೋಡಿ ಅದು ಯಾವ ವರ್ಷದ್ದೆಂದು ಹೇಳಲು ಸಾಧ್ಯವೇ?

ಹಿನ್ನೆಲೆ ಹೀಗಿದೆ. ಬ್ರಿಸ್ಟಲ್‌ನಲ್ಲಿರುವ ಹಿರಿಯ ಸ್ನೇಹಿತರೊಬ್ಬರ ತಂದೆ 1960ರ ದಶಕದ ಆರಂಭದಲ್ಲಿ ಕೊಂಡು ನೆಲಮಾಳಿಗೆಯಲ್ಲಿ ಇರಿಸಿದ್ದ ಬಾಟಲಿಯೊಂದನ್ನು ಈಚೆಗೆ ತೆರೆದೆವು. ಚೀಟಿ ಯಾವಾಗಲೋ ತೇವಕ್ಕೆ ಕರಗಿಹೋಗಿತ್ತು. ಮಲಗಿಸಿದ ಬಾಟಲಿಯ ಮೇಲ್ಮಗ್ಗುಲನ್ನು ತೋರಿಸಲು ಬಳಿಯುವ ಬಿಳಿ ಸುಣ್ಣದ ಗುರುತು ಮಾತ್ರ ಉಳಿದಿತ್ತು, ಆದ್ದರಿಂದ ಅದನ್ನು ಇಷ್ಟು ವರ್ಷ ಯಾವ ಮಗ್ಗುಲಲ್ಲಿ ಮಲಗಿಸಿದ್ದರೆಂಬ ಬಗ್ಗೆ ಅನುಮಾನವಿರಲಿಲ್ಲ. ದ್ರವದ ಮಟ್ಟ ಕತ್ತಿನಿಂದ ಇಳಿದು ಭುಜದ ಮೇಲ್ಭಾಗಕ್ಕೆ ಬಂದಿತ್ತು. ಎರಡು ದಿನ ನೇರವಾಗಿ ನಿಲ್ಲಿಸಿ, ತಳಮಡ್ಡಿ ಕೆಳಗಿಳಿದ ಮೇಲೆ ತೆರೆಯಲು ಹೊರಟಾಗ ಬಿರಡೆ ತುಂಡುತುಂಡಾಗಿ ಬಂತು. ಅದರ ಮೇಲೆ ಸುಟ್ಟು ಒತ್ತಿದ್ದ ಅಕ್ಷರಗಳಲ್ಲಿ ತಯಾರಕರ ಹೆಸರಿನ ಭಾಗ ಪುಡಿಯಾಗಿತ್ತು. ವರ್ಷದ ಮೂರನೆಯ ಅಂಕಿ ಕಾರ್ಕ್‌ಸ್ಕ್ರೂ ಹಾದುಹೋದ ಜಾಗದಲ್ಲಿಯೇ ಇತ್ತು. ಉಳಿದದ್ದು 19, ಆಮೇಲೆ 5. ಅದರ ಕೆಳಗೆ ಬಾಟಲಿಗೆ ತುಂಬಿದ ವರ್ಷದ ಕೊನೆಯ ಅಂಕಿ 7. ಪಕ್ಕದಲ್ಲಿ ಒಪೋರ್ಟೊದಲ್ಲಿ (ಪೋರ್ಚುಗಲ್‌ನ ಪೋರ್ಟೊ ನಗರದಲ್ಲಿ) ತುಂಬಿದ್ದೆಂದು ಹೇಳುವ ಅಕ್ಷರಗಳ ಅರ್ಧಭಾಗ.

ಲೋಟದಲ್ಲಿ ಕಂಡದ್ದು: ಅಂಚಿನಲ್ಲಿ ತೆಳುವಾದ ಜೇನಿನ ಬಣ್ಣ, ನಡುವೆ ಇನ್ನೂ ಕೆಂಪು ಉಳಿದಿರುವ ಇಟ್ಟಿಗೆ ಕಂದು. ಮೊದಲ ಕಾಲು ಗಂಟೆ ಮುಚ್ಚಿಟ್ಟ ಪೆಟ್ಟಿಗೆಯ ಮುಗ್ಗುಲು ವಾಸನೆ. ಆಮೇಲೆ ಒಣ ಅಂಜೂರ, ಕಿತ್ತಳೆ ಸಿಪ್ಪೆ, ಹಳೆಯ ಮರ, ಬಹಳ ಹಿಂದೆ ಸುಳಿದಂತೆ ಹುರಿದ ಮೆಂತ್ಯ. ಬಾಯಲ್ಲಿ ಸಿಹಿಯಿತ್ತು, ಆದರೆ ಎಳೆಯ ಪೋರ್ಟ್‌ನ ಜಾಮಿನಂಥ ಸಿಹಿಯಲ್ಲ. ಒಗರು ಬಹುತೇಕ ಕರಗಿಹೋಗಿತ್ತು. ನುಂಗಿದ ಬಳಿಕ ರುಚಿ ಬಹಳ ಹೊತ್ತು ಉಳಿಯಿತು. ಮೇಜಿನ ಸುತ್ತ ಮೂರು ವರ್ಷಗಳಿಗೂ ಬೆಂಬಲಿಗರು ಹುಟ್ಟಿಕೊಂಡರು, ಯಾರ ಬಳಿಯೂ ಸಮಾಧಾನಕರವಾದ ಕಾರಣವಿರಲಿಲ್ಲ.

ಡೌರೊಪ್ರಿಯ

ನಿಮ್ಮ ಬಿರಡೆ ಸುಳಿವು ಕೊಟ್ಟೂ ಕೊಡದಂತಿದೆ. ವಿಂಟೇಜ್ ಪೋರ್ಟನ್ನು ಕೊಯ್ಲಾದ ಎರಡು ವರ್ಷಗಳ ಆಸುಪಾಸಿನಲ್ಲಿ ಪೀಪಾಯಿಯಿಂದ ಬಾಟಲಿಗೆ ತುಂಬುತ್ತಾರಾದ್ದರಿಂದ 1935ಕ್ಕೆ 1937, 1945ಕ್ಕೆ 1947, 1955ಕ್ಕೆ 1957 ಎಂದು ಮೂರಕ್ಕೂ ಕೊನೆಯ ಅಂಕಿ 7 ಆಗುತ್ತದೆ. ಅದು ಯಾವುದನ್ನೂ ಹೊರಗಿಡುವುದಿಲ್ಲ.

ಒಪೋರ್ಟೊ ಎಂಬ ಅಕ್ಷರಗಳಿಗೆ ಮಾತ್ರ ತೂಕವಿದೆ. ಇಂದು ವಿಂಟೇಜ್ ಪೋರ್ಟನ್ನು ಪೋರ್ಚುಗಲ್‌ನಲ್ಲಿಯೇ ಬಾಟಲಿಗೆ ತುಂಬಬೇಕೆಂಬ ನಿಯಮವಿದೆಯಾದರೂ ಅದು ಜಾರಿಗೆ ಬಂದದ್ದು 1970ರ ದಶಕದ ನಡುವಿನಲ್ಲಿ. ಅದಕ್ಕೆ ಮೊದಲು ಸುಮಾರು 550 ಲೀಟರ್ ಹಿಡಿಯುವ ಪೈಪ್ ಎಂಬ ಪೀಪಾಯಿಗಳು ಹಡಗಿನಲ್ಲಿ ಬ್ರಿಟನ್ನಿಗೆ ಹೋಗುತ್ತಿದ್ದವು, ಮತ್ತು ಲಂಡನ್, ಬ್ರಿಸ್ಟಲ್, ಎಡಿನ್‌ಬರೋಗಳ ವ್ಯಾಪಾರಿಗಳು ತಮ್ಮ ತಮ್ಮ ನೆಲಮಾಳಿಗೆಗಳಲ್ಲಿ ಅದನ್ನು ಬಾಟಲಿಗೆ ತುಂಬುತ್ತಿದ್ದರು. ಅದೇ ಕಾರಣಕ್ಕೆ ಒಂದೇ ತಯಾರಕರ ಒಂದೇ ವರ್ಷದ ಪೋರ್ಟ್ ಬೇರೆ ಬೇರೆ ಬಾಟಲಿ, ಬಿರಡೆ, ಅರಗುಗಳಲ್ಲಿ ಇಂದಿಗೂ ಸಿಗುತ್ತದೆ. 1945 ಇದಕ್ಕೆ ದೊಡ್ಡ ಅಪವಾದ. ಯುದ್ಧದ ನಂತರದ ನಿರ್ಬಂಧಗಳಿಂದಾಗಿ ಆ ವರ್ಷದ ವಿಂಟೇಜ್ ಪೋರ್ಟ್‌ನ ಹೆಚ್ಚಿನ ಪಾಲನ್ನು ಒಪೋರ್ಟೊದ ಕಡೆಯೇ, ಅಂದರೆ ಡೌರೊ ನದಿಯ ಆಚೆ ದಡದ ವಿಲಾ ನೋವಾ ದೆ ಗಾಯಾದ ಉಗ್ರಾಣಗಳಲ್ಲಿ, ತುಂಬಬೇಕಾಯಿತು.

1935ರ ವಿಷಯದಲ್ಲಿ ಇನ್ನೊಂದು ಮಾತು. ಪ್ರತಿ ವರ್ಷವೂ ವಿಂಟೇಜ್ ಆಗುವುದಿಲ್ಲ. ಫಸಲು ಅಸಾಧಾರಣವೆನಿಸಿದಾಗ ತಯಾರಕರು ಅದನ್ನು ಘೋಷಿಸುತ್ತಾರೆ, ಸಾಮಾನ್ಯವಾಗಿ ಹತ್ತು ವರ್ಷಗಳಲ್ಲಿ ಮೂರು ಬಾರಿ. ಘೋಷಣೆಗೆ ಹವಾಮಾನವೊಂದೇ ಕಾರಣವಲ್ಲ. 1931 ಬಹಳ ಒಳ್ಳೆಯ ವರ್ಷವಾಗಿದ್ದರೂ ಆರ್ಥಿಕ ಕುಸಿತದ ಆ ದಿನಗಳಲ್ಲಿ, 1927ರ ಸರಕು ಇನ್ನೂ ಉಗ್ರಾಣಗಳಲ್ಲಿ ಉಳಿದಿದ್ದುದರಿಂದ, ಹೆಚ್ಚಿನವರು ಘೋಷಿಸಲು ಹಿಂಜರಿದರು. ಘೋಷಿಸಿದ ಕೆಲವರಲ್ಲಿ ಒಬ್ಬರಾದ ಕಿಂಟಾ ದೊ ನೊವಾಲ್ ಆ ಒಂದೇ ವರ್ಷದಿಂದ ಜಗತ್ಪ್ರಸಿದ್ಧವಾಯಿತು. ಅದಾದ ಮೇಲೆ 1934 ಮತ್ತು 1935ರ ನಡುವೆ ತಯಾರಕರು ಎರಡು ಪಂಗಡವಾದರು, ಕೆಲವರು ಅದನ್ನು, ಕೆಲವರು ಇದನ್ನು ಘೋಷಿಸಿದರು. ಆದ್ದರಿಂದ ತಯಾರಕರ ಹೆಸರಿನ ಒಂದೆರಡು ಅಕ್ಷರಗಳು ಸಿಕ್ಕರೂ 1935ನ್ನು ಪಟ್ಟಿಯಿಂದ ತೆಗೆಯಲು ಅಥವಾ ಉಳಿಸಲು ಸಾಧ್ಯವಾದೀತು. ನನ್ನ ಒಲವು 1945ರ ಕಡೆಗಿದೆ, ಆದರೆ ಅದು ಬಿರಡೆಯ ಬಲದಿಂದ. ನಿಮ್ಮ ರುಚಿಯ ಟಿಪ್ಪಣಿಯ ಬಲದಿಂದಲ್ಲ.

ಒಣಮಾತು

ಇಷ್ಟೆಲ್ಲ ವಿದ್ವತ್ತಿನ ನಡುವೆ ಕೇಳಲು ಸಂಕೋಚವಾಗುತ್ತದೆ. ಎಪ್ಪತ್ತೋ ತೊಂಬತ್ತೋ ವರ್ಷ ಕಳೆದ ದ್ರವದಲ್ಲಿ ದ್ರಾಕ್ಷಿಯದು ಎನ್ನಬಹುದಾದದ್ದು ಏನು ಉಳಿದಿರುತ್ತದೆ? ಸಕ್ಕರೆ ಮತ್ತು ಮದ್ಯಸಾರ ಎರಡೂ ಕೆಡದಂತೆ ಕಾಯುವ ಪದಾರ್ಥಗಳು. ಕೆಟ್ಟಿಲ್ಲ ಎಂಬುದನ್ನೇ ನಾವು ರುಚಿ ಎಂದು ಕರೆಯುತ್ತಿದ್ದೇವೆಯೇ ಎಂಬ ಅನುಮಾನ ನನಗಿದೆ.

ರಸಶಾಲೆ

ಅನುಮಾನ ಸಾಧುವಾದದ್ದೇ, ಆದರೆ ಅರ್ಧ ಮಾತ್ರ ಸರಿ. ಪೋರ್ಟ್ ತಯಾರಿಕೆಯಲ್ಲಿ ದ್ರಾಕ್ಷಿರಸ ಎರಡು ಮೂರು ದಿನ ಹುದುಗಿ, ಸಕ್ಕರೆಯಲ್ಲಿ ಸುಮಾರು ಅರ್ಧ ಇನ್ನೂ ಉಳಿದಿರುವಾಗ, ಶೇ. 77ರಷ್ಟು ಮದ್ಯಸಾರವಿರುವ ದ್ರಾಕ್ಷಿಯ ಬಟ್ಟಿ ಸಾರವನ್ನು ಸೇರಿಸುತ್ತಾರೆ. ಯೀಸ್ಟ್ ಸಾಯುತ್ತದೆ, ಹುದುಗುವಿಕೆ ನಿಲ್ಲುತ್ತದೆ, ಒಟ್ಟು ಮದ್ಯಸಾರ ಶೇ. 20ರ ಆಸುಪಾಸಿಗೆ ಬರುತ್ತದೆ. ಕೆಡದಂತೆ ಕಾಯುವ ಕೆಲಸ ಅಲ್ಲಿಗೆ ಮುಗಿಯಿತು. ಆದರೆ ಕೇವಲ ಎರಡು ಮೂರು ದಿನಗಳ ಅವಧಿಯಲ್ಲಿ ಸಿಪ್ಪೆಯಿಂದ ಬಣ್ಣವನ್ನೂ ಒಗರನ್ನೂ ಸಾಧ್ಯವಾದಷ್ಟು ಎಳೆದುಕೊಳ್ಳಬೇಕಾದ್ದರಿಂದಲೇ ಗ್ರಾನೈಟ್ ಕಲ್ಲಿನ ತೊಟ್ಟಿಗಳಲ್ಲಿ ಜನ ಸಾಲಾಗಿ ನಿಂತು ಗಂಟೆಗಟ್ಟಲೆ ಕಾಲಿನಿಂದ ತುಳಿಯುವ ಪದ್ಧತಿ ಬಂತು, ಮತ್ತು ಒಳ್ಳೆಯ ತೋಟಗಳಲ್ಲಿ ಇಂದಿಗೂ ಉಳಿದಿದೆ. ಹಾಗೆ ಎಳೆದುಕೊಂಡ ಒಗರೇ ಮುಂದಿನ ದಶಕಗಳ ಬಂಡವಾಳ.

ಬಾಟಲಿಯೊಳಗೆ ನಡೆಯುವುದು ಏನೆಂದರೆ, ಸಿಪ್ಪೆಯ ಕೆಂಪು ವರ್ಣದ್ರವ್ಯಗಳೂ ಒಗರಿನ ಟ್ಯಾನಿನ್‌ಗಳೂ ಒಂದಕ್ಕೊಂದು ಕೂಡಿಕೊಂಡು ದೊಡ್ಡ ಅಣುಗಳಾಗುತ್ತವೆ. ಬಟ್ಟಿ ಸಾರದ ಜೊತೆಗೆ ಬಂದ ಅಸಿಟಾಲ್ಡಿಹೈಡ್ ಈ ಕೂಡಿಕೆಗೆ ನೆರವಾಗುತ್ತದೆ. ಅಣುಗಳು ಇನ್ನಷ್ಟು ದೊಡ್ಡದಾದಾಗ ದ್ರವದಲ್ಲಿ ನಿಲ್ಲಲಾರದೆ ಕೆಳಗಿಳಿದು ಗಾಜಿಗೆ ಪದರವಾಗಿ ಅಂಟಿಕೊಳ್ಳುತ್ತವೆ. ವಿಂಟೇಜ್ ಪೋರ್ಟನ್ನು ಸೋಸದೆ ತುಂಬುವುದರಿಂದ ಈ ಪದರ ದಪ್ಪವಾಗಿಯೇ ಇರುತ್ತದೆ. ಸೆವರ್ನ್‌ದಡ ಅವರ ಲೋಟದಲ್ಲಿ ಕಾಣದ ಕಡುಗೆಂಪೂ ನಾಲಗೆಗೆ ಸಿಗದ ಒಗರೂ ಬಾಟಲಿಯ ಗೋಡೆಯ ಮೇಲಿದ್ದವು. ಸಕ್ಕರೆ ಮಾತ್ರ ಬಹುತೇಕ ಹಾಗೆಯೇ ಉಳಿಯುತ್ತದೆ. ಹಣ್ಣಿನ ಕಂಪು ಹಿಂದೆ ಸರಿದಾಗ ಅದೇ ಸಕ್ಕರೆ ಕಡಿಮೆ ಸಿಹಿಯೆನಿಸುತ್ತದೆ.

ಈಗ ನನ್ನ ಮುಖ್ಯ ಮಾತು. ಹುರಿದ ಮೆಂತ್ಯದ ಸುಳಿವು ಕಂಡಿತೆಂದು ಬರೆದಿದ್ದೀರಿ. ಮೆಂತ್ಯಕ್ಕೆ ಅದರ ಗುರುತಿನ ವಾಸನೆ ಕೊಡುವ ಸೊಟೊಲಾನ್ ಎಂಬ ಸಂಯುಕ್ತವೇ ಪೀಪಾಯಿಯಲ್ಲಿ ಗಾಳಿಯ ಸಂಪರ್ಕದಲ್ಲಿ ಬಹುಕಾಲ ಹಣ್ಣಾದ ಪೋರ್ಟ್‌ನಲ್ಲೂ ಇರುತ್ತದೆ, ಮತ್ತು ಕಾಲ ಕಳೆದಂತೆ ಹೆಚ್ಚುತ್ತದೆ. ಗಾಳಿಯಿಲ್ಲದೆ ಬಾಟಲಿಯಲ್ಲಿ ಹಣ್ಣಾಗುವ ವಿಂಟೇಜ್‌ನಲ್ಲಿ ಅದು ಎದ್ದು ಕಾಣಬಾರದು. ಕಂಡಿದ್ದರೆ, ದ್ರವದ ಮಟ್ಟವೂ ಭುಜಕ್ಕೆ ಇಳಿದಿದ್ದರೆ, ಬಿರಡೆ ಎಷ್ಟೋ ವರ್ಷಗಳಿಂದ ಗಾಳಿಯನ್ನು ಒಳಗೆ ಬಿಡುತ್ತಿತ್ತೆಂದೇ ಅರ್ಥ. ಹಾಗಿದ್ದಲ್ಲಿ ಬಣ್ಣವನ್ನು ನೋಡಿ ವರ್ಷ ಹೇಳುವ ದಾರಿ ಮುಚ್ಚಿಹೋಯಿತು. ಗಾಳಿ ಕುಡಿದ 1955 ಚೆನ್ನಾಗಿ ಮುಚ್ಚಿದ್ದ 1935ಕ್ಕಿಂತ ಹಳತಾಗಿ ಕಾಣಬಹುದು. ನೀವು ಸವಿದದ್ದು ವರ್ಷಕ್ಕಿಂತ ಹೆಚ್ಚಾಗಿ ಆ ಬಿರಡೆಯನ್ನು.

ಸೆವರ್ನ್‌ದಡ

ಮೆಂತ್ಯದ ಮಾತು ಕಣ್ತೆರೆಸಿತು. ಆ ವಾಸನೆ ನನಗೂ ಮೇಜಿನಲ್ಲಿದ್ದ ಇನ್ನೊಬ್ಬ ಭಾರತೀಯರಿಗೂ ಮಾತ್ರ ಹತ್ತಿತು. ಉಳಿದವರು ಅದನ್ನೇ ಸುಟ್ಟ ಸಕ್ಕರೆಯೆಂದೋ ಅಕ್ರೋಟೆಂದೋ ಬರೆದುಕೊಂಡರು. ಅಡುಗೆಮನೆಯ ನೆನಪಿಲ್ಲದೆ ಮೂಗಿಗೆ ಹೆಸರು ಸಿಗುವುದಿಲ್ಲ.

ಆದರೂ ದ್ರವವು ಲೋಟದಲ್ಲಿ ನಡೆದುಕೊಂಡ ರೀತಿಯನ್ನು ಸೇರಿಸಿದರೆ ಚಿತ್ರ ಸ್ವಲ್ಪ ಬದಲಾಗಬಹುದು. ಬಿರಡೆಯ ಚೂರುಗಳಿದ್ದುದರಿಂದ ತೆಳ್ಳನೆಯ ಮಸ್ಲಿನ್ ಬಟ್ಟೆಯ ಮೂಲಕ, ಕತ್ತಿನ ಹಿಂದೆ ಮೇಣದಬತ್ತಿ ಹಿಡಿದು, ನಿಧಾನವಾಗಿ ಡಿಕ್ಯಾಂಟರ್ ಎಂಬ ಗಾಜಿನ ಹೂಜಿಗೆ ಸುರಿದೆವು. ಮೊದಲ ಮುಗ್ಗುಲು ವಾಸನೆ ಹೋದ ಮೇಲೆ ಸುಮಾರು ನಲವತ್ತು ನಿಮಿಷಗಳ ಹೊತ್ತಿಗೆ ನಡುವಿನ ಕೆಂಪಿಗೆ ಹೊಂದುವ ಹಣ್ಣಿನ ರುಚಿಯೂ ಬಂತು. ಒಣಗಿಸಿದ ಚೆರ್ರಿ ಎನ್ನಬಹುದು. ಅದು ಒಂದು ಗಂಟೆಯವರೆಗೆ ಬೆಳೆಯುತ್ತಲೇ ಹೋಯಿತು. ಎರಡನೆಯ ಗಂಟೆಯ ಕೊನೆಗೆ ಹಣ್ಣು ಸರಿದು, ಮದ್ಯಸಾರದ ಬಿಸಿ ಗಂಟಲಲ್ಲಿ ಒಂಟಿಯಾಗಿ ನಿಲ್ಲತೊಡಗಿತು. ಸತ್ತ ಪೋರ್ಟ್‌ನಲ್ಲಿ ಆ ಬಿಸಿ ಮೊದಲ ಗುಟುಕಿನಿಂದಲೇ ಒಂಟಿಯಾಗಿರುತ್ತದೆ ಎಂದು ನಮ್ಮ ಆತಿಥೇಯರು ಹೇಳಿದರು, ಮತ್ತು ನನಗೆ ಆ ಅಳತೆಗೋಲು ಒಪ್ಪಿಗೆಯಾಯಿತು. ಒಣಮಾತು ಅವರ ಪ್ರಶ್ನೆಗೆ ನನ್ನ ಉತ್ತರವೂ ಅದೇ: ಬರಿಯ ಸಕ್ಕರೆ ಮತ್ತು ಮದ್ಯಸಾರವಾಗಿದ್ದರೆ ಎರಡು ಗಂಟೆಗಳಲ್ಲಿ ಅದು ಏರಿ ಇಳಿಯುತ್ತಿರಲಿಲ್ಲ.

ಕಾಳಿನದಿ

ಕಾರವಾರದವನಾದ್ದರಿಂದ ಪೋರ್ಟ್ ಎಂದರೆ ನಮಗೆ ಮೊದಲು ನೆನಪಾಗುವುದು ಗಡಿಯಾಚೆಯ ಗೋವಾದ ಅಂಗಡಿಗಳಲ್ಲಿ ಸಿಗುವ ಅಗ್ಗದ ಸಿಹಿ ಕೆಂಪು ವೈನ್. ಮನೆಯ ಹಿರಿಯರೊಬ್ಬರು ಅಂಥದೊಂದು ಬಾಟಲಿಯನ್ನು ಹಳತಾದಷ್ಟೂ ಬೆಲೆ ಬರುತ್ತದೆಂದು ಕಪಾಟಿನಲ್ಲಿ ಇಟ್ಟುಕೊಂಡಿದ್ದಾರೆ. ಅವರಿಗೆ ಏನು ಹೇಳಲಿ? ಇನ್ನೊಂದು ಪ್ರಶ್ನೆ: ಕೋಲ್ಯೇಟಾ ಎಂಬುದರಲ್ಲಿಯೂ ಹಳೆಯ ವರ್ಷಗಳು ಸಿಗುತ್ತವಲ್ಲ, ಅದೂ ವಿಂಟೇಜ್ ತಾನೆ?

ಡೌರೊಪ್ರಿಯ

ಬೇಗ ಕುಡಿಯಲು ಹೇಳಿ. 1961ರವರೆಗೆ ಗೋವಾ ಪೋರ್ಚುಗೀಸರ ಕೈಯಲ್ಲಿದ್ದುದರಿಂದ ಹೆಸರು ಅಲ್ಲಿ ಬೇರೂರಿತು, ಆದರೆ ಆ ಸಿಹಿ ವೈನ್‌ಗೆ ನಿಜವಾದ ಪೋರ್ಟ್‌ನ ದ್ರಾಕ್ಷಿ ಬೆಳೆಯುವ ಡೌರೊ ಕಣಿವೆಯ ಸಂಬಂಧವಿಲ್ಲ. ನಮ್ಮ ಬೆಂಗಳೂರು ನೀಲಿ ದ್ರಾಕ್ಷಿಯಿಂದಲೂ ಇಂಥ ಸಿಹಿ ವೈನ್ ತಯಾರಾಗುತ್ತದೆ. ಎಳೆಯದಾಗಿದ್ದಾಗಲೇ ಕುಡಿಯಲು ಮಾಡಿದ್ದದು, ಕಪಾಟಿನಲ್ಲಿ ಕೂತು ಬೆಳೆಯುವುದಿಲ್ಲ. ಡೌರೊ ವೈನ್ ಪ್ರದೇಶದ ಗಡಿಯನ್ನು ಪೋರ್ಚುಗಲ್‌ನ ಮಂತ್ರಿ ಪೊಂಬಾಲ್‌ನ ಮಾರ್ಕ್ವಿಸ್ 1756ರಲ್ಲಿಯೇ ಗುರುತಿಸತೊಡಗಿದ್ದರು. ನಕಲಿ ಮತ್ತು ಕಲಬೆರಕೆಯ ಕಾಟ ಆಗಲೇ ಅಷ್ಟಿತ್ತು.

ಕೋಲ್ಯೇಟಾದ ವಿಷಯ ಬೇರೆ. ಅದೂ ಒಂದೇ ವರ್ಷದ ಫಸಲಿನದೇ, ಆದರೆ ಬಾಟಲಿಯಲ್ಲಲ್ಲ, ಸಣ್ಣ ಪೀಪಾಯಿಯಲ್ಲಿ ಕನಿಷ್ಠ ಏಳು ವರ್ಷ, ಹಲವು ಬಾರಿ ದಶಕಗಳ ಕಾಲ, ಹಣ್ಣಾಗುತ್ತದೆ. ಮರದ ಮೂಲಕ ಗಾಳಿ ಒಳಬರುತ್ತದೆ, ನೀರೂ ಮದ್ಯಸಾರವೂ ಆವಿಯಾಗಿ ಉಳಿದದ್ದು ಗಟ್ಟಿಯಾಗುತ್ತದೆ, ಬಣ್ಣ ಕಂದಾಗುತ್ತದೆ. ಮಡ್ಡಿಯೆಲ್ಲ ಪೀಪಾಯಿಯಲ್ಲಿಯೇ ಉಳಿಯುವುದರಿಂದ ಸೋಸಿ ಸುರಿಯುವ ತಾಪತ್ರಯವಿಲ್ಲ; ತೆರೆದ ಮೇಲೂ ಕೆಲವು ವಾರ ನಿಲ್ಲುತ್ತದೆ. ಹಳೆಯ ವಿಂಟೇಜ್ ಆದರೆ ಮರುದಿನಕ್ಕೆ ಸೊರಗಿರುತ್ತದೆ.

ವಯಸ್ಸಿನ ದೃಷ್ಟಿಯಿಂದ ನೋಡಿದರೆ ಪೀಪಾಯಿಯೇ ಹೆಚ್ಚು ದೂರ ಕೊಂಡೊಯ್ಯುತ್ತದೆ. ಟೇಲರ್ಸ್ ಸಂಸ್ಥೆ 2010ರಲ್ಲಿ ಸಯನ್ ಎಂಬ ಹೆಸರಿನಲ್ಲಿ ಹೊರತಂದ ಪೋರ್ಟ್ 1855ರ ಕಾಲದ್ದು, ಅಂದರೆ ಫಿಲಾಕ್ಸೆರಾ ಎಂಬ ಬೇರು ತಿನ್ನುವ ಕೀಟ 1860ರ ದಶಕದಲ್ಲಿ ಡೌರೊಗೆ ಬಂದು ತೋಟಗಳನ್ನು ನಾಶಮಾಡುವುದಕ್ಕೂ ಮೊದಲಿನದು. ನನ್ನ ಅಭಿಪ್ರಾಯ ಕೇಳಿದರೆ, ಅಂಥ ಪೋರ್ಟ್‌ಗಳಲ್ಲಿ ಮರ, ಗಾಳಿ ಮತ್ತು ಕಾಲ ಸೇರಿ ಮೂಲದ ದ್ರಾಕ್ಷಿಯನ್ನು ಪೂರ್ತಿ ಮುಚ್ಚಿಬಿಡುತ್ತವೆ. ಬೆರಗಾಗುತ್ತದೆ, ನಿಜ, ಆದರೆ ಒಂದು ವರ್ಷದ ಬಿಸಿಲು ಮಳೆಗಳ ಗುರುತು ಉಳಿಯುವುದು ಬಾಟಲಿಯಲ್ಲಿ ಮಲಗಿದ ವಿಂಟೇಜ್‌ನಲ್ಲಿಯೇ. ಇದನ್ನು ಒಪ್ಪದವರು ಬಹಳ ಮಂದಿ ಇದ್ದಾರೆ.

ರಸಶಾಲೆ

ಒಪ್ಪದವರಲ್ಲಿ ನಾನೊಬ್ಬ. ಅದನ್ನು ಬೇರೆ ಎಳೆಯಲ್ಲಿ ಜಗಳವಾಡೋಣ.

ಹಳೆಬೀಗ

ಬಿರಡೆಯ ಬಗ್ಗೆ ಮಾತ್ರ ನನ್ನ ಎರಡು ಮಾತು, ಏಕೆಂದರೆ ಇಲ್ಲಿ ಸಾಕ್ಷ್ಯ ನಾಶವಾದದ್ದು ತೆರೆಯುವ ರೀತಿಯಿಂದ. ಹಳೆಯ ಪೋರ್ಟ್ ಬಾಟಲಿಗಳ ಕತ್ತು ನಡುವೆ ಸ್ವಲ್ಪ ಉಬ್ಬಿರುತ್ತದೆ. ಉದ್ದನೆಯ ಬಿರಡೆ ದಶಕಗಳಲ್ಲಿ ಆ ಉಬ್ಬಿನೊಳಕ್ಕೆ ಹಿಗ್ಗಿ ಕೂರುತ್ತದೆ, ಕೆಳಗಿನ ಭಾಗ ನೆನೆದು ಮೆತ್ತಗಾಗುತ್ತದೆ, ಮೇಲಿನ ಭಾಗ ಒಣಗಿ ಪುಡಿಯಾಗುತ್ತದೆ. ಕಿರಿದಾದ ಬಾಯಿಯಿಂದ ಅದನ್ನು ಇಡಿಯಾಗಿ ಎಳೆಯಲು ಕಾರ್ಕ್‌ಸ್ಕ್ರೂಗೆ ಸಾಧ್ಯವಾಗುವುದು ಅಪರೂಪ. ಎರಡು ತೆಳು ಅಲಗುಗಳನ್ನು ಬಿರಡೆಯ ಪಕ್ಕಕ್ಕೆ ತೂರಿಸುವ ಸಾಧನವಿದೆ. ಸಾಧಾರಣ ಹಳೆಯ ವೈನ್‌ಗೆ ಅದು ಒಳ್ಳೆಯದು, ಉಬ್ಬುಗತ್ತಿನ ಬಾಟಲಿಯಲ್ಲಿ ಅಲಗುಗಳು ಬಿರಡೆಯನ್ನು ಒಳಕ್ಕೆ ತಳ್ಳುವ ಅಪಾಯವಿದೆ.

ಡೌರೊದವರ ಉತ್ತರ ತೆನಾಜ್ ಎಂಬ ಕಬ್ಬಿಣದ ಇಕ್ಕಳ. ಅದರ ಬಾಯಿಯನ್ನು ಕೆಂಪಾಗುವವರೆಗೆ ಕಾಯಿಸಿ, ಬಿರಡೆಯ ತಳಕ್ಕಿಂತ ಕೆಳಗೆ ಬಾಟಲಿಯ ಕತ್ತನ್ನು ಹಿಡಿದು, ಅರ್ಧ ನಿಮಿಷದಿಂದ ಒಂದು ನಿಮಿಷದವರೆಗೆ ಬಿಟ್ಟು, ತೆಗೆದ ಕೂಡಲೇ ಅದೇ ಜಾಗಕ್ಕೆ ತಣ್ಣೀರಿನಲ್ಲಿ ಅದ್ದಿದ ಬಟ್ಟೆಯನ್ನು ಸುತ್ತಬೇಕು. ಶಾಖದ ವ್ಯತ್ಯಾಸಕ್ಕೆ ಗಾಜು ಒಂದೇ ಗೆರೆಯಲ್ಲಿ ಬಿರಿಯುತ್ತದೆ, ಕತ್ತಿನ ತುದಿ ಬಿರಡೆಯೊಂದಿಗೆ ಇಡಿಯಾಗಿ ಕೈಗೆ ಬರುತ್ತದೆ. ಆಮೇಲೆ ಕತ್ತಿನ ತುಂಡನ್ನು ಬಟ್ಟೆಯಲ್ಲಿ ಸುತ್ತಿ ಮೆಲ್ಲಗೆ ಒಡೆದರೆ ಬಿರಡೆಯ ಮೇಲಿನ ಬರಹ ಪೂರ್ತಿ ಓದಲು ಸಿಗುತ್ತದೆ. ಗಾಜಿನ ಚೂರು ಬೀಳುವ ಸಾಧ್ಯತೆ ಕಡಿಮೆಯಾದರೂ ಬಟ್ಟೆಯಲ್ಲಿ ಸೋಸುವುದನ್ನು ಬಿಡಬಾರದು, ಕನ್ನಡಕ ಮತ್ತು ದಪ್ಪ ಕೈಗವಸು ಧರಿಸುವುದನ್ನೂ ಬಿಡಬಾರದು.

ಬಹಳ ಹಳೆಯದನ್ನು ಕುಡಿಯುವ ಮೊದಲು ಇಡೀ ದಿನ ಡಿಕ್ಯಾಂಟರ್‌ನಲ್ಲಿ ಬಿಡುವವರಿದ್ದಾರೆ. ಇಪ್ಪತ್ತೈದು ವರ್ಷದ ಪೋರ್ಟ್‌ಗೆ ಅದು ಸರಿಹೋದೀತು. ಸೆವರ್ನ್‌ದಡ ಅವರ ಬಾಟಲಿ ಎರಡು ಗಂಟೆಯಲ್ಲಿ ಇಳಿದದ್ದನ್ನು ನೋಡಿದರೆ ಇಂಥದಕ್ಕೆ ಸುರಿದ ಅರ್ಧ ಗಂಟೆಯೊಳಗೆ ಲೋಟ ಹಿಡಿಯಬೇಕು, ಕೋಣೆಯ ಶಾಖವೂ 18 ಡಿಗ್ರಿ ದಾಟಬಾರದು.

ಒಣಮಾತು

ರಸಶಾಲೆಯವರ ಉತ್ತರದಿಂದ ನನ್ನ ಮೊದಲ ಅನುಮಾನ ತೀರಿತು, ಎರಡನೆಯದು ಹುಟ್ಟಿತು. ಬಿರಡೆ ಇಡಿಯಾಗಿ ಬಂದು ಅದರ ಮೇಲೆ 1945 ಎಂದು ಇದ್ದಿದ್ದರೆ, ಮೇಜಿನಲ್ಲಿದ್ದ ಎಲ್ಲರೂ ಯುದ್ಧ ಮುಗಿದ ವರ್ಷದ ಘನತೆಯನ್ನೇ ಆ ದ್ರವದಲ್ಲಿ ಕಾಣುತ್ತಿದ್ದರು. ಮೂರು ಪಂಗಡಗಳೂ ಆಗುತ್ತಿರಲಿಲ್ಲ, ಮೆಂತ್ಯದ ಮಾತೂ ಬರುತ್ತಿರಲಿಲ್ಲ.

ಡೌರೊಪ್ರಿಯ

ಆ ಅಪಾಯವನ್ನು ಪೋರ್ಟ್ ವ್ಯಾಪಾರಿಗಳು ಬಹಳ ಹಿಂದೆಯೇ ಕಂಡುಕೊಂಡಿದ್ದರು. ಪೋರ್ಟೊ ನಗರದಲ್ಲಿ ಬ್ರಿಟಿಷ್ ತಯಾರಕರು 1790ರಲ್ಲಿ ಕಟ್ಟಿ ಮುಗಿಸಿದ ಫ್ಯಾಕ್ಟರಿ ಹೌಸ್ ಎಂಬ ಭವನವಿದೆ. ಅಲ್ಲಿ ಒಂದರ ಪಕ್ಕ ಒಂದು ಊಟದ ಕೋಣೆಗಳಿದ್ದು, ಅಡುಗೆಯ ವಾಸನೆ ಪೋರ್ಟ್‌ನ ಕಂಪಿಗೆ ಅಡ್ಡಬರಬಾರದೆಂದು ಊಟ ಮುಗಿಸಿ ಎಲ್ಲರೂ ಎದ್ದು ಎರಡನೆಯ ಕೋಣೆಯ ಮೇಜಿಗೆ ಹೋಗಿ ಕೂರುತ್ತಾರೆ. ಬುಧವಾರದ ಭೋಜನಗಳಲ್ಲಿ ವಿಂಟೇಜ್ ಪೋರ್ಟನ್ನು ಹೆಸರು ಹೇಳದೆ ಡಿಕ್ಯಾಂಟರ್‌ನಲ್ಲಿ ತಂದು, ಅದು ಯಾರದು, ಯಾವ ವರ್ಷದ್ದು ಎಂದು ಊಹಿಸಲು ಹೇಳುವ ಪದ್ಧತಿಯಿದೆ. ಜೀವಮಾನವಿಡೀ ಪೋರ್ಟ್ ಮಾಡಿದವರೂ ಅಲ್ಲಿ ತಮ್ಮದೇ ಬಾಟಲಿಯ ಎದುರು ಎಡವಬಲ್ಲರು. ಆದ್ದರಿಂದ ಮೂಲ ಪ್ರಶ್ನೆಗೆ ನನ್ನ ಉತ್ತರ ಇದು: ಒಂದೇ ತಯಾರಕರ, ಒಂದೇ ಕಡೆ ಇರಿಸಿದ, ಕತ್ತಿನವರೆಗೆ ತುಂಬಿದ ಬಾಟಲಿಗಳನ್ನು ಅಕ್ಕಪಕ್ಕ ಇಟ್ಟರೆ 1935ನ್ನೂ 1955ನ್ನೂ ಬೇರ್ಪಡಿಸಬಹುದು. ಮಟ್ಟ ಇಳಿದ ಒಂಟಿ ಬಾಟಲಿಯಿಂದ ಸಾಧ್ಯವಿಲ್ಲ.

ಸೆವರ್ನ್‌ದಡ

ಹಾಗಾದರೆ ಮುಂದಿನ ಹೆಜ್ಜೆಯನ್ನು ತಿಳಿಸಿಬಿಡುತ್ತೇನೆ. ಅದೇ ಗೂಡಿನಲ್ಲಿ ಅದೇ ಬಿಳಿ ಗುರುತಿನ, ಅದೇ ಆಕಾರದ ಇನ್ನೊಂದು ಬಾಟಲಿಯಿದೆ. ಟಾರ್ಚ್ ಹಿಡಿದು ನೋಡಿದಾಗ ಅದರ ಮಟ್ಟ ಕತ್ತಿನ ಬುಡದಲ್ಲಿಯೇ ನಿಂತಿರುವುದು ಕಂಡಿತು. ಅರಗೂ ಬಿರುಕು ಬಿಟ್ಟಿಲ್ಲ. ಆತಿಥೇಯರಿಗೆ ಈ ಎಳೆಯ ಸಾರಾಂಶವನ್ನು ಹೇಳಿದೆ. ಚಳಿಗಾಲದಲ್ಲಿ ತೆರೆಯಲು ಒಪ್ಪಿದ್ದಾರೆ, ಇಕ್ಕಳದಿಂದಲೇ ಆಗಲಿ ಎಂದಿದ್ದಾರೆ. ಕತ್ತು ಒಡೆಯುವ ಕೆಲಸವನ್ನು ಪಕ್ಕದ ಕೋಣೆಯಲ್ಲಿ ಮಾಡಿ, ಬಿರಡೆಯನ್ನು ಲಕೋಟೆಯಲ್ಲಿ ಮುಚ್ಚಿಟ್ಟು, ಎಲ್ಲರೂ ತಮ್ಮ ಟಿಪ್ಪಣಿ ಬರೆದು ಮುಗಿಸಿದ ಮೇಲೆಯೇ ಅದನ್ನು ಓದುವುದೆಂದು ತೀರ್ಮಾನವಾಗಿದೆ. ಮೆಂತ್ಯದ ವಾಸನೆ ಈ ಬಾರಿ ಇಲ್ಲದಿದ್ದರೆ ರಸಶಾಲೆಯವರ ವಾದ ಗೆದ್ದಂತೆ.

ಒಂದೇ ತೊಡಕು, ಇಕ್ಕಳ ನಮ್ಮಲ್ಲಿಲ್ಲ. ಬ್ರಿಸ್ಟಲ್ ಅಥವಾ ಬಾತ್ ಸುತ್ತಮುತ್ತ ತೆನಾಜ್ ಇರುವವರು, ಅದನ್ನು ಬಳಸಿ ಅಭ್ಯಾಸವಿರುವವರು ಯಾರಾದರೂ ಇದ್ದರೆ ದಯವಿಟ್ಟು ಇಲ್ಲಿಯೇ ಉತ್ತರಿಸಿ. ಇಕ್ಕಳ ತರುವವರಿಗೆ ಮೇಜಿನಲ್ಲಿ ಒಂದು ಲೋಟ ಖಂಡಿತ ಇರುತ್ತದೆ.